ಅಪ್‌ಗ್ರೇಡ್ ಆದ ಮೇಲೆ ಶೇರ್ ಫೋಲ್ಡರ್ ತೆರೆಯುತ್ತಿಲ್ಲ

ಪ್ರಶ್ನೆ:
ಸರ್, ನಮ್ಮದು ಆರು ಕಂಪ್ಯೂಟರಿನ ಸಣ್ಣ ಆಫೀಸು. ನಾನು ಲೆಕ್ಕಪತ್ರ ನೋಡಿಕೊಳ್ಳುವವಳು, ಆದರೆ ಯಾವ ಕಂಪ್ಯೂಟರ್ ಕೈಕೊಟ್ಟರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ಏಳೆಂಟು ವರ್ಷ ಹಳೆಯ ಒಂದು ನ್ಯಾಸ್ ಡಬ್ಬಿ ಇದೆ, ಅಂದರೆ ಎಲ್ಲರೂ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕಿನ ಪೆಟ್ಟಿಗೆ. ಬಿಲ್ಲು, ವೋಚರು, ಎಕ್ಸೆಲ್ ಎಲ್ಲ ಅದರಲ್ಲೇ. ಎಲ್ಲರ ಕಂಪ್ಯೂಟರಲ್ಲೂ ಅದು ಝಡ್ ಡ್ರೈವ್ ಆಗಿ ಕಾಣುತ್ತಿತ್ತು. ಶನಿವಾರ ಐದು ಕಂಪ್ಯೂಟರಿಗೆ ವಿಂಡೋಸ್ 11ರ 24ಎಚ್2 ಅಪ್‌ಗ್ರೇಡ್ ಹಾಕಿದೆ, ಐದೂ ಪ್ರೊ. ಸೋಮವಾರ ಬಂದು ನೋಡಿದರೆ ಝಡ್ ಮೇಲೆ ಕೆಂಪು ಇಂಟು ಗುರುತು.

ಮೂರರಲ್ಲಿ ಬರುವ ಮೆಸೇಜಿನ ಅರ್ಥ ಹೀಗೆ: ನಿಮ್ಮ ಸಂಸ್ಥೆಯ ಭದ್ರತಾ ಪಾಲಿಸಿ ಗುರುತಿಲ್ಲದ ಗೆಸ್ಟ್ ಪ್ರವೇಶವನ್ನು ತಡೆದಿದೆ. ಇನ್ನೆರಡರಲ್ಲಿ ನೆಟ್‌ವರ್ಕ್ ಪಾತ್ ಸಿಗಲಿಲ್ಲ, ಕೋಡ್ 80070035. ಆರನೆಯದು ಒಂದು ಲ್ಯಾಪ್‌ಟಾಪು, ಅದಕ್ಕೆ ಇನ್ನೂ ಅಪ್‌ಗ್ರೇಡ್ ಹಾಕಿಲ್ಲ, ಅದರಲ್ಲಿ ಝಡ್ ಚೆನ್ನಾಗಿ ತೆರೆಯುತ್ತೆ. ಡಬ್ಬಿಗೆ ಪಿಂಗ್ ಹೋಗುತ್ತೆ. ಇದರಲ್ಲಿ ಸಂಸ್ಥೆಯ ಪಾಲಿಸಿ ಎಲ್ಲಿಂದ ಬಂತು? ನಮ್ಮಲ್ಲಿ ಇರುವ ಒಂದೇ ಪಾಲಿಸಿ ಎಂದರೆ ಊಟದ ಡಬ್ಬಿ ತೊಳೆದಿಡಬೇಕು ಅನ್ನೋದು. ಹಳೆಯ ಆವೃತ್ತಿಗೆ ವಾಪಸ್ ಹೋಗಿಬಿಡಲಾ?

ಉತ್ತರ:
ವಾಪಸ್ ಹೋಗಬೇಡಿ ಮೇಡಂ. ಲ್ಯಾಪ್‌ಟಾಪನ್ನೂ ಸದ್ಯಕ್ಕೆ ಹಾಗೇ ಬಿಡಿ, ಹೋಲಿಸಿ ನೋಡೋಕೆ ಅದು ಬೇಕಾಗುತ್ತೆ.

ಆ ‘ಸಂಸ್ಥೆ’ ಮೈಕ್ರೋಸಾಫ್ಟ್‌ನ ಮಾಮೂಲಿ ವಾಕ್ಯ, ಮನೆಯಲ್ಲಿ ಒಬ್ಬರೇ ಕೂತಿದ್ದರೂ ಅದೇ ಬರುತ್ತೆ. ನಡೆದಿರೋದು ಇಷ್ಟು. ಫೈಲ್ ಹಂಚಿಕೆಗೆ ವಿಂಡೋಸ್ ಆಡುವ ಭಾಷೆಯ ಹೆಸರು ಎಸ್‌ಎಂಬಿ. 24ಎಚ್2ನಲ್ಲಿ ಅದರ ಎರಡು ಸೆಟ್ಟಿಂಗ್ ಬದಲಾಗಿವೆ. ಒಂದು, ಹೆಸರು-ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಹೋಗೋದನ್ನು ಪ್ರೊ ಆವೃತ್ತಿಯಲ್ಲೂ ನಿಲ್ಲಿಸಿದ್ದಾರೆ. ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ 2017ರ ವಿಂಡೋಸ್ 10 1709ರಿಂದಲೇ ಇದು ನಿಂತಿತ್ತು, ಪ್ರೊದವರಿಗೆ ಬಿಸಿ ತಟ್ಟಿದ್ದು ಈಗ. ಎರಡು, ಪ್ರತಿ ಪ್ಯಾಕೆಟ್ಟಿಗೂ ಡಿಜಿಟಲ್ ಸಹಿ ಕಡ್ಡಾಯ. ದಾರಿಯಲ್ಲಿ ಯಾರಾದರೂ ಪ್ಯಾಕೆಟ್ ತಿದ್ದಿದರೆ ಸಹಿ ಕೂಡಿಬರಲ್ಲ, ಕನೆಕ್ಷನ್ ಬಿದ್ದುಹೋಗುತ್ತೆ.

ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಸಹಿ ಹಾಕುವ ಕೀಲಿ ಹುಟ್ಟೋದು ಲಾಗಿನ್‌ನಲ್ಲಿ, ಅಂದರೆ ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಆದ್ದರಿಂದ ಕೀಲಿ ಇಲ್ಲ, ಸಹಿಯೂ ಇಲ್ಲ. ಹಾಗಾಗಿ ಒಂದೇ ಕಾಯಿಲೆ ಒಂದೊಂದು ಕಂಪ್ಯೂಟರಲ್ಲಿ ಒಂದೊಂದು ಮುಖ ತೋರಿಸುತ್ತೆ. ಕೆಲವರಿಗೆ ನೀವು ಬರೆದ ಗೆಸ್ಟ್ ಮೆಸೇಜು, ಕೆಲವರಿಗೆ ‘ಕ್ರಿಪ್ಟೋಗ್ರಾಫಿಕ್ ಸಿಗ್ನೇಚರ್ ಇನ್‌ವ್ಯಾಲಿಡ್’, ಇನ್ನು ಕೆಲವರಿಗೆ ಏನೂ ಹೇಳದ 80070035.

ಪಿಂಗ್ ಹೋಯಿತು ಅಂದರೆ ಮನೆಯಲ್ಲಿ ದೀಪ ಉರಿಯುತ್ತಿದೆ ಅಂತ ಗೊತ್ತಾಯಿತು ಅಷ್ಟೆ, ಬಾಗಿಲು ತೆಗೆಯುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಫೈಲ್ ಹಂಚಿಕೆಯ ಬಾಗಿಲು 445ನೇ ಪೋರ್ಟು. ಮೂರು ವಿಷಯ ನೋಡಿ ತಿಳಿಸಿ:

80070035 ಬರುವ ಎರಡು ಕಂಪ್ಯೂಟರಲ್ಲಿ ಡಬ್ಬಿಯ ಹೆಸರಿನ ಬದಲು ಐಪಿ ನಂಬರ್ ಹೊಡೆಯಿರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಹಿಂಗೆರೆ, ಆಮೇಲೆ ನಂಬರು. \\192.168.1.20 ಈ ತರಹ.

ಲ್ಯಾಪ್‌ಟಾಪಲ್ಲಿ ಝಡ್ ತೆರೆದಿಟ್ಟುಕೊಂಡು, ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆಗೆದು ‘ಗೆಟ್-ಎಸ್‌ಎಂಬಿಕನೆಕ್ಷನ್’ ಕೊಡಿ. ‘ಡಯಲೆಕ್ಟ್’ ಕಾಲಮ್ಮಿನಲ್ಲಿ, ಅಂದರೆ ಎಸ್‌ಎಂಬಿಯ ಆವೃತ್ತಿ ತೋರಿಸುವ ಕಡೆ, ಯಾವ ನಂಬರಿದೆ ಹೇಳಿ.

ಡಬ್ಬಿಯ ಅಡ್ಮಿನ್ ಪುಟಕ್ಕೆ ಹೋಗಿ ಅದರಲ್ಲಿ ಯಾರ್‍ಯಾರ ಹೆಸರಿನ ಯೂಸರ್ ಇದ್ದಾರೆ ನೋಡಿ.

ಪ್ರಶ್ನೆ ಕೇಳಿದವರು:
ಸರ್, ಡಯಲೆಕ್ಟ್ 2.1 ಅಂತ ಇದೆ. ಐಪಿ ಹೊಡೆದಾಗ ಒಂದರಲ್ಲಿ ಅದೇ ಗೆಸ್ಟ್ ಮೆಸೇಜ್ ಬಂತು. ಇನ್ನೊಂದು ಈಗಲೂ 80070035 ಅಂತಲೇ ಅನ್ನುತ್ತಿದೆ.

ಆದರೆ ಗೆಸ್ಟ್ ಅನ್ನೋದು ನನಗೆ ಒಪ್ಪಿಗೆಯಾಗಲಿಲ್ಲ. ನಾವು ಯಾವತ್ತೂ ಪಾಸ್‌ವರ್ಡ್ ಕೊಟ್ಟೇ ಹೋಗುತ್ತಿದ್ದೆವು. ಹೆಸರು ‘ಆಫೀಸ್’, ಅದಕ್ಕೊಂದು ಪಾಸ್‌ವರ್ಡು. ಹಳೆಯ ಅಕೌಂಟೆಂಟ್ ಚೀಟಿಯಲ್ಲಿ ಬರೆದು ಮಾನಿಟರಿನ ಹಿಂದೆ ಅಂಟಿಸಿಹೋಗಿದ್ದಾರೆ, ಈಗಲೂ ಇದೆ.

ಉತ್ತರ:
ಡಬ್ಬಿಯ ಯೂಸರ್ ಪಟ್ಟಿಯಲ್ಲಿ ‘ಆಫೀಸ್’ ಇದೆಯಾ?

ಪ್ರಶ್ನೆ ಕೇಳಿದವರು:
ಇಲ್ಲ! ಅಡ್ಮಿನ್ ಒಂದು, ಗೆಸ್ಟ್ ಒಂದು. ಅಷ್ಟೇ. ಹಾಗಾದರೆ ಇಷ್ಟು ವರ್ಷ ನಾವು ಒಳಗೆ ಹೋಗಿದ್ದು ಹೇಗೆ?

ಉತ್ತರ:
ಇದನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಗೊತ್ತಿಲ್ಲದ ಹೆಸರು ಬಂದರೆ ತಳ್ಳಿಹಾಕುವ ಬದಲು ಗೆಸ್ಟ್ ಅಂತ ಒಳಗೆ ಬಿಡು ಅನ್ನುವ ಸೆಟ್ಟಿಂಗ್ ಇಂಥ ಡಬ್ಬಿಗಳಲ್ಲಿ ಇರುತ್ತೆ. ನೀವು ‘ಆಫೀಸ್’ ಅಂದಿರಿ. ಡಬ್ಬಿ ‘ಇವರು ಯಾರೋ ಗೊತ್ತಿಲ್ಲ, ಇರಲಿ ಬನ್ನಿ’ ಅಂದಿತು. ಪಾಸ್‌ವರ್ಡ್ ಏನಿದೆ ಅಂತ ನೋಡಲೂ ಇಲ್ಲ. ನಾಳೆ ಲ್ಯಾಪ್‌ಟಾಪಿನಿಂದ ಬಾಯಿಗೆ ಬಂದ ಹೆಸರೊಂದು ಕೊಟ್ಟು ನೋಡಿ, ಆಗಲೂ ತೆರೆಯುತ್ತೆ.

ನಿಮ್ಮ ವೈಫೈ ಪಾಸ್‌ವರ್ಡ್ ಗೊತ್ತಿದ್ದ ಯಾರು ಬೇಕಾದರೂ ನಿಮ್ಮ ಬಿಲ್ಲುಗಳನ್ನು ಓದಬಹುದಿತ್ತು, ಅಳಿಸಲೂಬಹುದಿತ್ತು. ಅಳಿಸಿದ್ದರೆ ಡಬ್ಬಿಯ ಲಾಗ್ ದಾಖಲೆಯಲ್ಲಿ ‘ಗೆಸ್ಟ್’ ಅಂತ ಒಂದೇ ಹೆಸರು, ಯಾರು ಅಂತ ಕೇಳೋಕೂ ದಾರಿಯಿಲ್ಲ. ಅಪ್‌ಗ್ರೇಡ್ ನಿಮ್ಮ ಬೀಗ ಮುರಿದಿಲ್ಲ ಮೇಡಂ, ಅಲ್ಲಿ ಬೀಗವೇ ಇರಲಿಲ್ಲ ಅಂತ ತೋರಿಸಿದೆ.

ಡಯಲೆಕ್ಟ್ 2.1 ಬಂದದ್ದು ಒಳ್ಳೆಯ ಸುದ್ದಿ. 1.5 ಅಂತ ಬಂದಿದ್ದರೆ ಅದು ಎಸ್‌ಎಂಬಿ 1, ಆಗ ಡಬ್ಬಿಯನ್ನೇ ಬದಲಿಸಿ ಅನ್ನುತ್ತಿದ್ದೆ. 2ರಿಂದ ಮೇಲಿನದಕ್ಕೆ ಸಹಿ ಹಾಕಲು ಬರುತ್ತೆ. ಹಾಗಾಗಿ ಕೆಲಸವಿರೋದು ಡಬ್ಬಿಯಲ್ಲಿ, ವಿಂಡೋಸಿನಲ್ಲಲ್ಲ.

ಮೊದಲು ಡಬ್ಬಿಯ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರು, ಕೊನೆಯದು ಯಾವುದಿದೆಯೋ ಅದನ್ನು ಹಾಕಿ. ಅದಕ್ಕೂ ಮುಂಚೆ ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡಿ. ಆಮೇಲೆ ಫೈಲ್ ಸೇವೆಯ ಸೆಟ್ಟಿಂಗಿನಲ್ಲಿ ಕನಿಷ್ಠ ಪ್ರೋಟೋಕಾಲ್ ಎಸ್‌ಎಂಬಿ 2, ಗರಿಷ್ಠ ಎಸ್‌ಎಂಬಿ 3 ಮಾಡಿ. ಸರ್ವರ್ ಸೈನಿಂಗ್ ಅಂತ ಇದ್ದರೆ ‘ಆಟೋ’ ಅಥವಾ ಆನ್. ಒಬ್ಬೊಬ್ಬರಿಗೂ ಒಂದೊಂದು ಯೂಸರ್ ಮಾಡಿ ಪಾಸ್‌ವರ್ಡ್ ಇಡಿ. ಆರು ಜನಕ್ಕೂ ಸೇರಿ ಒಂದೇ ‘ಆಫೀಸ್’ ಮಾಡುವ ಆಸೆ ಬರುತ್ತೆ, ಬೇಡ. ಅಡ್ಮಿನ್ ಹೆಸರಿನಲ್ಲಂತೂ ಡ್ರೈವ್ ಜೋಡಿಸಲೇಬೇಡಿ. ಎಲ್ಲರೂ ಹೊಸ ಹೆಸರಿನಲ್ಲಿ ಒಳಗೆ ಹೋದದ್ದು ಖಾತ್ರಿಯಾದ ಮೇಲೆ ಗೆಸ್ಟ್ ಆಫ್ ಮಾಡಿ.

ಇನ್ನು ಈಗಲೂ 35 ಅನ್ನುವ ಆ ಒಂದು ಕಂಪ್ಯೂಟರು. ಪಿಂಗ್ ಮಾಡಿದ್ದು ಅದರಿಂದಲೇನಾ?

ಪ್ರಶ್ನೆ ಕೇಳಿದವರು:
ಅಯ್ಯೋ, ಇಲ್ಲ ಸರ್, ನನ್ನ ಕಂಪ್ಯೂಟರಿನಿಂದ ಮಾಡಿದ್ದು. ಈಗ ಅದರಲ್ಲೇ ಕೂತು ನೋಡಿದೆ, ಪಿಂಗ್ ಹೋಗುತ್ತಿಲ್ಲ. ಕೆಳಗೆ ಬಗ್ಗಿದರೆ ನೆಟ್‌ವರ್ಕ್ ವೈರು ಅರ್ಧ ಹೊರಗೆ ಬಂದಿದೆ, ತುದಿಯ ಕ್ಲಿಪ್ ಮುರಿದಿದೆ. ಇಂಟರ್‌ನೆಟ್ ಬರುತ್ತಿತ್ತಲ್ಲ, ಅದಕ್ಕೇ ಯಾರಿಗೂ ಅನುಮಾನ ಬಂದಿಲ್ಲ. ಅದು ಬಂದವರಿಗೆ ಅಂತ ಇಟ್ಟ ಗೆಸ್ಟ್ ವೈಫೈಗೆ ಹೋಗಿ ಸೇರಿಕೊಂಡುಬಿಟ್ಟಿದೆ.

ಉತ್ತರ:
ಅಲ್ಲೂ ಗೆಸ್ಟ್! ಗೆಸ್ಟ್ ವೈಫೈಯಲ್ಲಿರುವವರಿಗೆ ಒಳಗಿನ ಯಂತ್ರಗಳು ಕಾಣದ ಹಾಗೆ ರೂಟರ್ ಬೇಲಿ ಹಾಕಿರುತ್ತೆ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ವೈರನ್ನು ಒತ್ತಿ ಕೂರಿಸಿ. ಅಪ್‌ಗ್ರೇಡ್ ಆದ ವಾರದಲ್ಲಿ ಕೆಟ್ಟದ್ದೆಲ್ಲ ಅಪ್‌ಗ್ರೇಡಿನಿಂದಲೇ ಕೆಟ್ಟದ್ದಲ್ಲ. ನಾನೇ ಒಮ್ಮೆ ಅರ್ಧ ದಿನ ರಿಜಿಸ್ಟ್ರಿ ಕೆದಕಿ, ಕೊನೆಗೆ ಸ್ವಿಚ್ಚಿನ ಒಂದು ಪೋರ್ಟ್ ಸತ್ತಿದೆ ಅಂತ ಕಂಡುಕೊಂಡಿದ್ದೇನೆ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲ ಯಾಕೆ ಸರ್? ಗ್ರೂಪ್ ಪಾಲಿಸಿಯಲ್ಲಿ ಲ್ಯಾನ್‌ಮ್ಯಾನ್ ವರ್ಕ್‌ಸ್ಟೇಷನ್ ಕೆಳಗೆ ‘ಎನೇಬಲ್ ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್ಸ್’ ಅಂತ ಇದೆ. ಆನ್ ಮಾಡಿದರೆ ಎರಡು ನಿಮಿಷದಲ್ಲಿ ಮುಗಿಯುತ್ತೆ. ನಾನು ನಾಲ್ಕು ಕಡೆ ಹಾಗೇ ಮಾಡಿದ್ದೇನೆ.

ಉತ್ತರ:
ಅದೊಂದನ್ನೇ ಮಾಡಿದರೆ 24ಎಚ್2 ಪ್ರೊದಲ್ಲಿ ಕೆಲಸ ಆಗಲ್ಲ ಸರ್, ಸಹಿಯ ಕಡ್ಡಾಯವನ್ನೂ ತೆಗೆಯಬೇಕು. ಎರಡನ್ನೂ ತೆಗೆದರೆ ತೆರೆಯುತ್ತೆ ಅನ್ನೋದು ನಿಜ. ಆದರೆ ತೆಗೆದದ್ದು ಈ ಒಂದು ಡಬ್ಬಿಗೆ ಮಾತ್ರವಲ್ಲ, ಆ ಕಂಪ್ಯೂಟರ್ ಮುಂದೆ ಮಾತಾಡುವ ಪ್ರತಿ ಸರ್ವರಿಗೂ. ಡಬ್ಬಿಯ ಹೆಸರು ಹಾಕಿಕೊಂಡು ಬೇರೊಂದು ಯಂತ್ರ ಬಂದು ಕೂತರೂ ವಿಂಡೋಸ್ ಸುಮ್ಮನೆ ಒಪ್ಪಿಕೊಳ್ಳುತ್ತೆ, ಅಲ್ಲಿಟ್ಟ ಫೈಲನ್ನು ನಮ್ಮ ಫೈಲು ಅಂತ ತೆರೆಯುತ್ತೆ. ಆ ಸೆಟ್ಟಿಂಗಿಗೆ ‘ಇನ್‌ಸೆಕ್ಯೂರ್’ ಅಂತ ಹೆಸರಿಟ್ಟಿರೋದು ಅದನ್ನು ಮಾಡಿದವರೇ.

ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಕಳೆದುಹೋಗಿದೆ, ಒಳಗಿನ ಫೈಲು ಇವತ್ತೇ ಬೇಕು ಅನ್ನುವ ಸ್ಥಿತಿಯಿದ್ದರೆ ಒಂದು ಕಂಪ್ಯೂಟರಲ್ಲಿ ಮಾತ್ರ ತೆಗೆದು, ಫೈಲ್ ನಕಲು ಮಾಡಿಕೊಂಡು, ಅದೇ ಸಂಜೆ ವಾಪಸ್ ಹಾಕಿ. ಅದಕ್ಕೆ ನನ್ನ ತಕರಾರಿಲ್ಲ. ಮೇಡಂ ಹತ್ತಿರ ಅಡ್ಮಿನ್ ಪಾಸ್‌ವರ್ಡ್ ಇದೆ. ಅರ್ಧ ಗಂಟೆ ಹೆಚ್ಚು ಖರ್ಚಾಗುತ್ತೆ, ಆಗಲಿ.

ಪ್ರಶ್ನೆ ಕೇಳಿದವರು:
ಸರ್, ಫರ್ಮ್‌ವೇರ್ ಹಾಕಿದೆ, ಆರು ಯೂಸರ್ ಮಾಡಿದೆ. ಎರಡರಲ್ಲಿ ಝಡ್ ತೆರೆಯಿತು. ಒಂದರಲ್ಲಿ 1219 ಅನ್ನುವ ಎರರ್, ಒಬ್ಬರೇ ಎರಡು ಹೆಸರಿನಲ್ಲಿ ಬರಬಾರದು ಅನ್ನೋ ಅರ್ಥದ್ದು. ಇನ್ನೊಂದರಲ್ಲಿ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ತಪ್ಪು ಅನ್ನುತ್ತೆ. ಇನ್ನೂ ವಿಚಿತ್ರ, ತೆರೆದ ಎರಡರಲ್ಲೂ ಹಳೆಯ ಎಕ್ಸೆಲ್ ಓದಬಹುದು, ಸೇವ್ ಮಾಡೋಕೆ ಬಿಡುತ್ತಿಲ್ಲ. ಹೊಸ ಫೈಲ್ ಮಾತ್ರ ಸೇವ್ ಆಗುತ್ತೆ.

ಉತ್ತರ:
1219 ಸುಲಭದ್ದು. ಒಂದು ಸರ್ವರಿಗೆ ಒಂದು ಸಲಕ್ಕೆ ಒಂದೇ ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುತ್ತೆ, ಹಿನ್ನೆಲೆಯಲ್ಲಿ ಹಳೆಯ ‘ಆಫೀಸ್’ ಕನೆಕ್ಷನ್ ಇನ್ನೂ ನೇತಾಡುತ್ತಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಬರೀ ‘ನೆಟ್ ಯೂಸ್’ ಕೊಟ್ಟರೆ ಪಟ್ಟಿ ಬರುತ್ತೆ, ಡಬ್ಬಿಯದ್ದನ್ನೆಲ್ಲ ಡಿಲೀಟ್ ಮಾಡಿ. ಆಮೇಲೆ ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆಗೆದು ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ ಕೆಳಗೆ ಡಬ್ಬಿಯ ಹೆಸರಿನಲ್ಲೂ ಐಪಿಯಲ್ಲೂ ಉಳಿಸಿಟ್ಟದ್ದನ್ನು ತೆಗೆಯಿರಿ. ಎರಡು ಕಡೆಯೂ ನೋಡಿ, ಒಂದನ್ನು ಬಿಟ್ಟರೆ ಸಂಜೆಗೆ ಮತ್ತೆ ಅದೇ ಕಥೆ. ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಿ.

ಪಾಸ್‌ವರ್ಡ್ ತಪ್ಪು ಅನ್ನುವ ಕಂಪ್ಯೂಟರಲ್ಲಿ ಹೆಸರಿನ ಮುಂದೆ ಡಬ್ಬಿಯ ಹೆಸರು ಮತ್ತು ಒಂದು ಹಿಂಗೆರೆ ಸೇರಿಸಿ ಕೊಡಿ. ಇಲ್ಲದಿದ್ದರೆ ವಿಂಡೋಸ್ ಕೆಲವೊಮ್ಮೆ ತನ್ನದೇ ಹೆಸರನ್ನು ಮುಂದೆ ಅಂಟಿಸಿ ಕಳಿಸುತ್ತೆ, ಡಬ್ಬಿಗೆ ಆ ವ್ಯಕ್ತಿ ಗೊತ್ತಿರಲ್ಲ. ಅದಕ್ಕೂ ಬಗ್ಗದಿದ್ದರೆ ಡಬ್ಬಿಯಲ್ಲಿ ಎನ್‌ಟಿಎಲ್‌ಎಂ (ಪಾಸ್‌ವರ್ಡ್ ತಾಳೆ ನೋಡುವ ವಿಧಾನ) ಅಂತ ಸೆಟ್ಟಿಂಗ್ ಇದೆಯಾ ನೋಡಿ, ಇದ್ದರೆ ಆವೃತ್ತಿ 2 ಮಾಡಿ. ಹಳೆಯ ಎನ್‌ಟಿಎಲ್‌ಎಂ 1 ಅನ್ನು 24ಎಚ್2ನಿಂದ ಪೂರ್ತಿ ಕಿತ್ತುಹಾಕಿದ್ದಾರೆ.

ಸೇವ್ ಆಗದಿರೋದು ವಿಚಿತ್ರವಲ್ಲ. ಇಷ್ಟು ವರ್ಷ ಆ ಫೈಲುಗಳನ್ನೆಲ್ಲ ಬರೆದಿಟ್ಟಿದ್ದು ಯಾರು? ಗೆಸ್ಟ್. ಒಡೆತನ ಅವನದ್ದು. ಹೊಸದಾಗಿ ಬಂದ ನಿಮಗೆ ಓದಲು ಬಿಟ್ಟಿದ್ದಾನೆ, ತಿದ್ದಲು ಬಿಟ್ಟಿಲ್ಲ. ಡಬ್ಬಿಯಲ್ಲಿ ಆ ಆರು ಜನರ ಒಂದು ಗ್ರೂಪ್ ಮಾಡಿ, ಅಡ್ಮಿನ್ ಪುಟದಿಂದ ಮೇಲಿನ ಫೋಲ್ಡರಿಗೆ ಆ ಗ್ರೂಪಿನ ಓದು-ಬರಹದ ಅನುಮತಿ ಕೊಟ್ಟು, ‘ಒಳಗಿನ ಎಲ್ಲ ಫೋಲ್ಡರ್, ಫೈಲುಗಳಿಗೂ ಅನ್ವಯಿಸು’ ಅನ್ನುವುದಕ್ಕೆ ಟಿಕ್ ಹಾಕಿ. ಆ ಟಿಕ್ ಮರೆತರೆ ಮೇಲಿನ ಫೋಲ್ಡರ್ ಮಾತ್ರ ಸರಿಹೋಗುತ್ತೆ. ಫೈಲು ಸಾವಿರಾರು ಇದ್ದರೆ ಹೊತ್ತು ಹಿಡಿಯುತ್ತೆ, ನಡುವೆ ನಿಲ್ಲಿಸಬೇಡಿ. ಶೇರ್‌ನ ಅನುಮತಿ ಬೇರೆ, ಫೋಲ್ಡರಿನ ಅನುಮತಿ ಬೇರೆ ಅನ್ನೋದೂ ನೆನಪಿರಲಿ. ಎರಡರಲ್ಲಿ ಯಾವುದು ಬಿಗಿಯೋ ಅದರದ್ದೇ ನಡೆಯೋದು.

ಮತ್ತೊಬ್ಬ ಸದಸ್ಯೆ:
ಇದೇ ಎಳೆಯಲ್ಲಿ ನನ್ನದೊಂದು. ನಮ್ಮಲ್ಲಿ ನ್ಯಾಸ್ ಇಲ್ಲ, ನನ್ನ ಕಂಪ್ಯೂಟರಿನ ಒಂದು ಫೋಲ್ಡರನ್ನೇ ಹಂಚಿದ್ದೇನೆ. ಅಪ್‌ಗ್ರೇಡ್ ಆದ ಮೇಲೆ ಬೇರೆಯವರಿಗೆ ‘ನೆಟ್‌ವರ್ಕ್’ನಲ್ಲಿ ನನ್ನ ಕಂಪ್ಯೂಟರೇ ಕಾಣುತ್ತಿಲ್ಲ. ಜೊತೆಗೆ ಸ್ಕ್ಯಾನರು ಆ ಫೋಲ್ಡರಿಗೆ ಸ್ಕ್ಯಾನ್ ಕಳಿಸುತ್ತಿತ್ತು, ಅದೂ ನಿಂತಿದೆ. ಸ್ಕ್ಯಾನರಿನ ಪರದೆಯಲ್ಲಿ ‘ಲಾಗಿನ್ ಎರರ್’ ಅಂತಿದೆ. ಪಿನ್ ಸರಿಯಾಗಿಯೇ ಕೊಟ್ಟಿದ್ದೇನೆ.

ಉತ್ತರ:
ಪಿನ್ ಅಂದಿರಲ್ಲ, ಅಲ್ಲೇ ಇದೆ ಮೇಡಂ. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನಿಂದ ಬರುವವರಿಗೆ ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಖಾಲಿ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡಲ್ಲ. ಸ್ಕ್ಯಾನರಿಗೆ ಅಂತಲೇ ಒಂದು ಲೋಕಲ್ ಯೂಸರ್ ಮಾಡಿ, ಪಾಸ್‌ವರ್ಡ್ ಇಡಿ, ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಡಿ. ನಿಮ್ಮ ಸ್ವಂತ ಖಾತೆಯ ಪಾಸ್‌ವರ್ಡನ್ನು ಸ್ಕ್ಯಾನರಿನೊಳಗೆ ತುಂಬಿಸಿಡೋದು ಯಾವತ್ತೂ ಒಳ್ಳೆಯದಲ್ಲ.

ಅಷ್ಟಾದರೂ ಬರದಿದ್ದರೆ ಸ್ಕ್ಯಾನರ್ ಹಳೆಯದು, ಅದಕ್ಕೆ ಎಸ್‌ಎಂಬಿ 1 ಬಿಟ್ಟು ಬೇರೆ ಬರಲ್ಲ ಅಥವಾ ಸಹಿ ಹಾಕಲು ಬರಲ್ಲ ಅಂತ ಅರ್ಥ. ಫರ್ಮ್‌ವೇರ್ ಹುಡುಕಿ. ಸಿಗದಿದ್ದರೆ ಸ್ಕ್ಯಾನನ್ನು ಈಮೇಲಿಗೋ ಪೆನ್ ಡ್ರೈವಿಗೋ ಕಳಿಸಿ. ದಯವಿಟ್ಟು ‘ವಿಂಡೋಸ್ ಫೀಚರ್ಸ್’ಗೆ ಹೋಗಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಒಂದು ಸ್ಕ್ಯಾನರಿಗೋಸ್ಕರ ಆ ಬಾಗಿಲು ತೆಗೆದಿಡೋದು ಬೇಡ.

ಕಾಣದಿರೋದು ಬೇರೆ ವಿಷಯ. ಕಾಣೋದೂ ತೆರೆಯೋದೂ ಒಂದೇ ಅಲ್ಲ. ಎರಡು ಹಿಂಗೆರೆ ಹಾಕಿ ಹೆಸರು ಹೊಡೆದಾಗ ತೆರೆದರೆ ಹಂಚಿಕೆ ಸರಿಯಿದೆ, ಪಟ್ಟಿಯಲ್ಲಿ ಹೆಸರು ಬರುತ್ತಿಲ್ಲ ಅಷ್ಟೆ. ‘ಸರ್ವಿಸಸ್’ನಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಓಡುತ್ತಿದೆಯಾ ನೋಡಿ, ನಿಂತಿದ್ದರೆ ಆಟೋಮ್ಯಾಟಿಕ್ ಮಾಡಿ. ಹೆಸರು ಹೊಡೆದರೂ ತೆರೆಯದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನೆಟ್‌ವರ್ಕ್ ‘ಪಬ್ಲಿಕ್’ ಆಗಿದೆಯಾ ನೋಡಿ. ಪಬ್ಲಿಕ್ ಆದರೆ ಹೊರಗಿನಿಂದ ಬರುವವರನ್ನೆಲ್ಲ ಫೈರ್‌ವಾಲ್ ತಡೆಯುತ್ತೆ. ಆಫೀಸಿನ ನೆಟ್‌ವರ್ಕಾದರೆ ‘ಪ್ರೈವೇಟ್’ ಮಾಡಿ. ಫೈರ್‌ವಾಲನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಬೇಡಿ.

ಮಗದೊಬ್ಬ ಸದಸ್ಯರು:
ಲಿನಕ್ಸಿನಿಂದ ಹಳೆಯ ಸರ್ವರಿನ ಶೇರ್ ಮೌಂಟ್ ಮಾಡುವಾಗ (ಡ್ರೈವಿನ ಹಾಗೆ ಜೋಡಿಸುವಾಗ) ‘ಹೋಸ್ಟ್ ಈಸ್ ಡೌನ್’, 112 ಅಂತ ಬರುತ್ತಿದೆ. ಸರ್ವರ್ ನನ್ನ ಕಣ್ಣೆದುರೇ ಓಡುತ್ತಿದೆ!

ಉತ್ತರ:
ಆ ಮೆಸೇಜು ಹಲವರ ತಲೆ ತಿಂದಿದೆ. ಸರ್ವರ್ ಬಿದ್ದಿರಲ್ಲ, ಇಬ್ಬರಿಗೂ ಬರುವ ಎಸ್‌ಎಂಬಿ ಆವೃತ್ತಿ ಒಂದೂ ಇಲ್ಲ ಅಷ್ಟೆ. ಹೊಸ ಲಿನಕ್ಸ್ ಕರ್ನಲ್ ತಾನಾಗಿ ಎಸ್‌ಎಂಬಿ 1 ಮಾತಾಡಲ್ಲ, ಸರ್ವರಿಗೆ ಬೇರೆ ಬರಲ್ಲ. ಇದರ ಉಲ್ಟಾ ಕೂಡ ಆಗುತ್ತೆ. ಲಿನಕ್ಸಿನಲ್ಲಿ ಎಸ್‌ಎಂಬಿ ಹಂಚಿಕೆ ಮಾಡುವ ಸಾಂಬಾ ಸಾಫ್ಟ್‌ವೇರು 2019ರ 4.11ರಿಂದ ಎಸ್‌ಎಂಬಿ 1ನ್ನು ಡೀಫಾಲ್ಟ್ ಆಗಿ ಬಿಟ್ಟುಕೊಟ್ಟಿದೆ, ಆದ್ದರಿಂದ ಸರ್ವರ್ ಅಪ್‌ಗ್ರೇಡ್ ಮಾಡಿದರೆ ಹಳೆಯ ಕ್ಲೈಂಟುಗಳು ಹೊರಗುಳಿಯುತ್ತವೆ. ಮೌಂಟ್ ಸಾಲಿನಲ್ಲಿ ಆವೃತ್ತಿ 1.0 ಅಂತ ಬರೆದು ದಾಟಿಸಬಹುದು, ಫೈಲುಗಳನ್ನು ಹೊರಗೆ ತೆಗೆದುಕೊಳ್ಳುವವರೆಗೆ ಮಾತ್ರ.

ಪ್ರಶ್ನೆ ಕೇಳಿದವರು:
ಸರ್, ಐದೂ ಸರಿಹೋದವು. ಹಳೆಯ ಎಕ್ಸೆಲ್ ಸೇವ್ ಆಗುತ್ತಿದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಮೊದಲಿಗಿಂತ ಸ್ವಲ್ಪ ನಿಧಾನ ಅನಿಸುತ್ತೆ, ನನ್ನ ಭ್ರಮೆಯೋ ಏನೋ. ಆರನೆಯ ಲ್ಯಾಪ್‌ಟಾಪಿಗೂ ಅಪ್‌ಗ್ರೇಡ್ ಒತ್ತಿಬಿಡಲಾ?

ಉತ್ತರ:
ಭ್ರಮೆಯಲ್ಲ. ಪ್ರತಿ ಪ್ಯಾಕೆಟ್ಟಿಗೂ ಸಹಿ ಲೆಕ್ಕ ಹಾಕಬೇಕಲ್ಲ, ಹಳೆಯ ಡಬ್ಬಿಯ ಪ್ರೊಸೆಸರಿಗೆ ಅದು ಭಾರವೇ. ಎಕ್ಸೆಲ್ ಕೆಲಸಕ್ಕೆ ಗೊತ್ತಾಗಲ್ಲ.

ಲ್ಯಾಪ್‌ಟಾಪಿಗೆ ಇನ್ನೂ ಒತ್ತಬೇಡಿ. ಅದು ಈಗಲೂ ‘ಆಫೀಸ್’ ಅಂತಲೇ ಹೋಗುತ್ತಿರುತ್ತೆ. ಮೊದಲು ಅದರ ಹಳೆಯ ಕ್ರೆಡೆನ್ಷಿಯಲ್ ಅಳಿಸಿ, ಹೊಸ ಹೆಸರಿನಲ್ಲಿ ಝಡ್ ಜೋಡಿಸಿ, ಡಬ್ಬಿಯ ಲಾಗ್ ದಾಖಲೆಯಲ್ಲಿ ಆ ಹೆಸರು ಬಂದಿದೆಯಾ ನೋಡಿ. ಆಮೇಲೆ ಡಬ್ಬಿಯಲ್ಲಿ ಗೆಸ್ಟ್ ಆಫ್ ಮಾಡಿ. ಒಂದು ದಿನ ಎಲ್ಲರೂ ಕೆಲಸ ಮಾಡಲಿ, ಯಾರೂ ಕೂಗದಿದ್ದರೆ ಅಪ್‌ಗ್ರೇಡ್ ಒತ್ತಿ.

ಮಾನಿಟರಿನ ಹಿಂದಿನ ಚೀಟಿ ಕಿತ್ತುಹಾಕಿ. ಕ್ಲಿಪ್ ಮುರಿದ ವೈರನ್ನೂ ಬದಲಿಸಿ, ಟೇಪ್ ಸುತ್ತಿ ಬಿಟ್ಟಿರುತ್ತೀರಿ ಅಂತ ನನಗೆ ಗೊತ್ತು.

ಪ್ರಶ್ನೆ ಕೇಳಿದವರು:
ಟೇಪೇ ಸರ್. ನಾಳೆ ಬದಲಿಸುತ್ತೇನೆ.